ಆರು ಫರಸಿಯ ಟೀವಿ

ಟೀವಿ ಮಾರುವವನಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ಟೀವಿಯೊಳಗಿನ ತಮಾಷೆಗೆ ವಾರವೆಲ್ಲ ಕಾಯಬೇಕು. ಟೀವಿಯ ಮುಂದಿನ ತಮಾಷೆ ಅಂಗಡಿ ಬಾಗಿಲು ತೆರೆದ ಕೂಡಲೇ ತಾನಾಗಿ ನಡೆದು ಬರುತ್ತದೆ. ಇಪ್ಪತ್ತು ವರ್ಷ ಕಲಬುರಗಿಯಲ್ಲಿ ಟೀವಿ ಮಾರಿದ್ದೇನೆ, ಒಂದು ವಾರವೂ ಖಾಲಿ ಹೋದದ್ದು ನೆನಪಿಲ್ಲ.

ಎಂಬತ್ತರ ದಶಕದ ನಡುವೆ ನಾನು ಈ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ಎರಡು ಕಡೆ ಕೆಲಸ ಕಳೆದುಕೊಂಡಿದ್ದೆ. ಎರಡೂ ಕಡೆ ತಪ್ಪು ಮಾಲೀಕರದೇ ಎಂದು ಮನೆಯಲ್ಲಿ ನಂಬಿಸಿದ್ದೆ. ಮೂರನೆಯ ಸಲ ಆ ಮಾತು ನಡೆಯುವಂತಿರಲಿಲ್ಲ. ಟೀವಿ ಅಂಗಡಿಯ ಮಾಲೀಕರು ಮೊದಲ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು:

"ನೋಡು ತಮ್ಮಾ, ಟೀವಿ ಯಾರ್ ಬೇಕಾದವ್ರು ಮಾರ್ತಾರ. ಮಾರಿದ್ದು ಗಿರಾಕಿ ಮನ್ಯಾಗ ಉಳೀಬೇಕು. ಒಂದು ಟೀವಿ ವಾಪಸ್ ಬಂತಂದ್ರ, ಅದು ಒಳಗ ಬರ್ತದ, ನೀ ಹೊರಗ ಹೋಗ್ತಿ."

ನಾನು ಹೆದರಲಿಲ್ಲ. ಹೆದರುವ ಸ್ವಭಾವವೇ ನನ್ನದಲ್ಲ. ಟೀವಿಗಳು ಯಾಕೆ ವಾಪಸ್ ಬರುತ್ತವೆ ಎಂದು ಒಂದು ವಾರ ಕೂತು ಯೋಚಿಸಿದೆ. ಅಂಗಡಿಯಲ್ಲಿ ಚಂದ ಕಂಡ ಟೀವಿ ಮನೆಗೆ ಹೋದ ಮೇಲೆ ಒಬ್ಬರಿಗೆ ಸಣ್ಣದಾಗುತ್ತಿತ್ತು, ಇನ್ನೊಬ್ಬರ ಕಣ್ಣಿಗೆ ಬಡಿಯುತ್ತಿತ್ತು. ತಪ್ಪು ಟೀವಿಯದಲ್ಲ, ಕೂತು ನೋಡುವ ಜಾಗದ್ದು. ಆದರೆ "ನಿಮ್ಮ ಖೋಲಿ ಎಷ್ಟು ಫೂಟು?" ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. "ಇಷ್ಟ್ ಅದ ನೋಡ್ರಿ" ಎಂದು ಎರಡು ಕೈ ಅಗಲಿಸಿ ತೋರಿಸುತ್ತಾರೆ.

ಆಗ ನನಗೆ ನೆಲ ಕಂಡಿತು. ನಮ್ಮ ಕಡೆಯ ಮನೆಗಳಿಗೆ ಶಹಾಬಾದಿನ ಕಲ್ಲು ಹಾಸುತ್ತಾರೆ. ಅದಕ್ಕೆ ಫರಸಿ ಎನ್ನುತ್ತೇವೆ. ಬಡವರ ಮನೆಯಾಗಲಿ ಸಾವಕಾರರ ಮನೆಯಾಗಲಿ, ನಾನು ಕಂಡ ಫರಸಿಯೆಲ್ಲ ಎರಡು ಫೂಟಿನದು. ಟೀವಿ ಇಡುವ ಟೇಬಲಿನಿಂದ ಕೂಡುವ ಜಾಗದವರೆಗೆ ಎಷ್ಟು ಫರಸಿ ಎಂದು ಎಣಿಸಿದರೆ ಸಾಕು. ಹದಿನಾಲ್ಕು ಇಂಚಿಗೆ ಮೂರು ಫರಸಿ, ಇಪ್ಪತ್ತು ಇಂಚಿಗೆ ನಾಲ್ಕು. ಮುಂದೆ ಇಪ್ಪತ್ತೊಂಬತ್ತು ಇಂಚಿನ ದೊಡ್ಡ ಟೀವಿ ಬಂದಾಗ ಅದಕ್ಕೆ ಆರು. ಓದು ಬಾರದವರಿಗೂ ಈ ಲೆಕ್ಕ ಬರುತ್ತಿತ್ತು. ಗಿರಾಕಿಗಳು ನನಗೆ "ಫರಸಿ ಮಾಸ್ತರ" ಎಂದೇ ಹೆಸರಿಟ್ಟರು. ನಾನೂ ಆ ಹೆಸರಿಗೆ ತಕ್ಕಂತೆ ಎದೆ ಉಬ್ಬಿಸಿಯೇ ತಿರುಗುತ್ತಿದ್ದೆ.

ಧೋತರದ ಅಳತೆ

ಮೊದಲ ಗಂಡಾಂತರ ಬಂದದ್ದು ಬಟ್ಟೆ ಅಂಗಡಿಯ ಸಾವಕಾರರಿಂದ. ಅವರ ಮನೆಯಲ್ಲಿ ನಾಲ್ಕು ಫರಸಿ. ಇಪ್ಪತ್ತು ಇಂಚಿನ ಟೀವಿ ಕೊಟ್ಟೆ. ಮರುದಿನ ಬೆಳಿಗ್ಗೆ ಕೈಯಲ್ಲಿ ಟೇಪು ಹಿಡಿದುಕೊಂಡೇ ಬಂದರು.

"ಇಪ್ಪತ್ತು ಅಂತ ಹೇಳಿ ಹದಿನಾರು ಇಂಚಿನ ಟೀವಿ ಕೊಟ್ಟೀರಿ. ನಾ ಅಳದು ನೋಡೀನಿ. ವಾಪಸ್ ತಗೋರಿ."

ಗಲ್ಲಾದಲ್ಲಿ ಕೂತ ಮಾಲೀಕರು 'ವಾಪಸ್' ಎಂಬ ಮಾತು ಕೇಳಿದ್ದೇ ತಡ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

"ಸಾವಕಾರ್ರೆ, ಟೀವಿ ಅಡ್ಡ ಅಳ್ಯಂಗಿಲ್ರಿ. ಈ ಮೂಲಿಯಿಂದ ಆ ಮೂಲಿಗೆ ಅಳೀತಾರ," ಎಂದು ಅವರ ಟೇಪನ್ನೇ ತೆಗೆದುಕೊಂಡು ಅಂಗಡಿಯಲ್ಲಿದ್ದ ಟೀವಿಯ ಮೇಲೆ ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಹಿಡಿದು ತೋರಿಸಿದೆ. ಸರಿಯಾಗಿ ಇಪ್ಪತ್ತು ಬಂತು.

ಸಾವಕಾರರು ನನ್ನನ್ನು ಕಳ್ಳನನ್ನು ನೋಡಿದಂತೆ ನೋಡಿದರು. "ನಾ ಧೋತರ ಮೂಲಿಯಿಂದ ಮೂಲಿಗೆ ಅಳದು ಕೊಟ್ರ ನೀವು ಸುಮ್ಮನ ಒಯ್ತೀರೇನ್ರಿ?"

"ಧೋತರ ಬಿಡ್ರಿ. ನಿನ್ನೆ ಕುಂತು ನೋಡಿದ್ರಲ್ಲ, ಟೀವಿ ಸಣ್ಣದು ಅನಸ್ತೇನ್ರಿ?"

"ಇಲ್ಲ. ನೋಡಾಕ ಛಲೋ ಅದ."

"ಮತ್ತ ಕಡಮಿ ಎಲ್ಲಿ ಬಿತ್ರಿ?"

"ಟೇಪಿನ್ಯಾಗ ಬಿತ್ತು," ಎಂದು ಗೊಣಗುತ್ತಾ ಹೋದರು. ಟೀವಿ ಮಾತ್ರ ಅವರ ಮನೆಯಲ್ಲೇ ಉಳಿಯಿತು. ನಾನು ಗೆದ್ದೆ ಎಂದುಕೊಂಡೆ. ದೀಪಾವಳಿಗೆ ಪ್ಯಾಂಟಿನ ಬಟ್ಟೆ ತರಲು ಅವರ ಅಂಗಡಿಗೇ ಹೋದೆ. ಸಾವಕಾರರು ಬಹಳ ಮರ್ಯಾದೆಯಿಂದ ಕೂಡಿಸಿ, ಚಹಾ ತರಿಸಿ, ಬಟ್ಟೆ ಕತ್ತರಿಸುವವನಿಗೆ ಕೂಗಿ ಹೇಳಿದರು: "ಇವ್ರು ನಮ್ಮ ಟೀವಿ ಮಾಸ್ತರು. ಇವ್ರಿಗೆ ಮೂಲಿಯಿಂದ ಮೂಲಿಗೆ ಅಳದು ಕೊಡು."

ಮನೆಯ ಯಜಮಾನ ಕೂಡುವ ಜಾಗ

ಕಮಲಾಪುರದ ಒಬ್ಬ ರೈತರಿಗೂ ಇಪ್ಪತ್ತು ಇಂಚಿನದನ್ನೇ ಕೊಟ್ಟಿದ್ದೆ. ಅವರ ಓಣಿಗೆ ಅದೇ ಮೊದಲ ಟೀವಿ. ಅಳತೆಗೆ ನಾನೇ ಹೋಗಿದ್ದೆ. ಟೇಬಲಿನಿಂದ ಯಜಮಾನರು ಕೂಡುವ ಹಗ್ಗದ ಹೊರಸಿನವರೆಗೆ ನಾಲ್ಕು ಫರಸಿ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಎರಡು ವಾರ ಬಿಟ್ಟು ಅವರು ಅಂಗಡಿಗೆ ಬಂದು, "ಟೀವಿ ಭಾಳ ಸಣ್ಣದಾಗೇದ್ರಿ, ಮಂದಿ ಮಾರಿನೇ ಗೊತ್ತಾಗವಲ್ದು," ಎಂದರು.

ನನ್ನ ಲೆಕ್ಕಕ್ಕೆ ಅವಮಾನವಾದಂತಾಯಿತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಹೊರಸಿನ ಮೇಲೆ ಪಕ್ಕದ ಮನೆಯ ಮುದುಕರು ಐದು ಜನ, ಕೆಳಗೆ ಓಣಿಯ ಹೆಂಗಸರು, ಟೀವಿಯ ಮೂಗಿಗೆ ಮೂಗು ತಾಗಿಸಿಕೊಂಡು ಮಕ್ಕಳು. ಟೀವಿಯ ಯಜಮಾನ ಮಾತ್ರ ಕಾಣಲಿಲ್ಲ. ಹುಡುಕಿದರೆ, ಪಡಸಾಲೆ ದಾಟಿ ಅಂಗಳದಲ್ಲಿ ಕಂಬಕ್ಕೆ ಒರಗಿ, ಕುತ್ತಿಗೆ ಉದ್ದ ಮಾಡಿ ಬಾಗಿಲಿನ ಸಂದಿಯಿಂದ ನೋಡುತ್ತಿದ್ದರು. ಎಣಿಸಿದೆ. ಒಂಬತ್ತು ಫರಸಿ.

"ಏನ್ರಿ ಗೌಡ್ರೆ, ನಿಮ್ಮ ಹೊರಸು ಬಿಟ್ಟು ಇಲ್ಲ್ಯಾಕ ಕುಂತೀರಿ?"

"ಮನಿಗಿ ಮಂದಿ ಬಂದಾಗ ನಾವು ಮುಂದ ಕೂಡೋದು ಚಂದ ಕಾಣ್ತದೇನ್ರಿ?"

ಮಂದಿ ಬಂದ ಮನೆಯಲ್ಲಿ ಮನೆಯವರು ಎಲ್ಲಿ ಕೂಡುತ್ತಾರೆ ಎಂಬುದನ್ನು ನನ್ನ ಲೆಕ್ಕ ಹಿಡಿದೇ ಇರಲಿಲ್ಲ. ಆದರೂ ಧೈರ್ಯ ಬಿಡದೆ, "ಇದನ್ನ ಕೊಟ್ಟು ಇದಕ್ಕಿಂತ ದೊಡ್ಡದು ಒಯ್ರಿ, ಇಲ್ಲಿತನ ಕಾಣ್ತದ," ಎಂದೆ. ಒಳಗೊಳಗೇ, ಬದಲಿಸಿದ್ದನ್ನು ವಾಪಸ್ ಎಂದು ಮಾಲೀಕರು ಎಣಿಸಬಾರದು ಎಂದು ಬೇಡಿಕೊಳ್ಳುತ್ತಿದ್ದೆ.

ಚಹಾ ತಂದ ಅವರ ಹೆಂಡತಿ ನಡುವೆ ಬಾಯಿ ಹಾಕಿದರು: "ಬ್ಯಾಡ್ರಿ ಮಾಸ್ತರ. ಇಷ್ಟು ಟೀವಿಗೇ ಇವ್ರು ಅಂಗಳಕ್ಕ ಬಂದಾರ. ದೊಡ್ಡದು ತಂದ್ರ ಬಸ್ ಸ್ಟ್ಯಾಂಡಿಗೆ ಹೋಗಿ ಕೂಡ್ತಾರ."

ಕವರಿಗೆ ತಕ್ಕ ಟೀವಿ

ಇದು ಸಣ್ಣ ಪ್ರಸಂಗ. ಒಬ್ಬ ಗುಮಾಸ್ತರು ಕೈಚೀಲ ಹಿಡಿದು ಬಂದು, ಅದರಿಂದ ದಾರದಲ್ಲಿ ಹೆಣೆದ ಒಂದು ಟೀವಿ ಕವರು ತೆಗೆದು ಮೇಜಿನ ಮೇಲೆ ಹರಡಿದರು. ಮೂಲೆಗೊಂದು ನವಿಲು, ನಡುವೆ ಗುಲಾಬಿ.

"ಇದಕ್ಕ ಹೊಂದೋ ಟೀವಿ ಕೊಡ್ರಿ."

"ಮನ್ಯಾಗ ಎಷ್ಟು ಫರಸಿ ಅವರಿ?"

"ಫರಸಿ ಕಟಗೊಂಡು ಏನ್ ಮಾಡ್ತೀರಿ? ನಮ್ಮಾಕಿ ಆರು ತಿಂಗಳು ಕುಂತು ಹೆಣದಾಳ. ಟೀವಿ ಬದಲ್ ಮಾಡಬಹುದು, ಇದನ್ನ ಬಿಚ್ಚಿ ಹೆಣಿ ಅಂತ ಹೇಳೋ ಗಂಡಸು ನಮ್ಮನ್ಯಾಗ ಇಲ್ಲ."

ಕವರನ್ನು ಒಂದೊಂದೇ ಟೀವಿಗೆ ತೊಡಿಸಿ ನೋಡಿದೆವು. ಹದಿನಾಲ್ಕಕ್ಕೆ ಜೋಲು ಬಿತ್ತು, ಇಪ್ಪತ್ತಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮನೆಯಲ್ಲಿ ಎರಡೇ ಫರಸಿಯಿದ್ದರೆ ಈ ಟೀವಿ ವಾಪಸ್ ಬರುವುದು ಖಂಡಿತ ಎಂದು ನನಗೆ ಒಂದು ತಿಂಗಳು ಊಟ ರುಚಿಸಲಿಲ್ಲ. ಕೊನೆಗೆ ಒಂದು ದಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಗುಮಾಸ್ತರು ಸಿಕ್ಕರು.

"ಹೆಂಗ ಅದರಿ?"

"ಭಾರಿ ಹೊಂದೇದ್ರಿ. ನೋಡಿದವ್ರೆಲ್ಲಾ ಹೊಗಳ್ತಾರ."

"ಚಿತ್ರ ಕಣ್ಣಿಗಿ ಬಡ್ಯಂಗಿಲ್ಲಲ್ಲ?"

"ಚಿತ್ರ ಎಲ್ಲಿ ನೋಡೀವ್ರಿ! ಕವರ್ ಹೊಲಸಾಗ್ತದಂತ ಆಕಿ ತೆಗೀಲಾಕೇ ಬಿಡವಲ್ಲಳು."

ಬಿದ್ದ ಗೋಡೆ

ಇಪ್ಪತ್ತೊಂಬತ್ತು ಇಂಚಿನ ಟೀವಿ ಕಲಬುರಗಿಗೆ ಹೊಸದಾಗಿ ಬಂದಾಗ, ನಂದೂರಿನಲ್ಲಿ ದಾಲ್ ಮಿಲ್ಲು ನಡೆಸುವ ಸಾವಕಾರರೊಬ್ಬರು ಅದೇ ಬೇಕೆಂದು ಹಟ ಹಿಡಿದರು. ಅವರ ಮನೆಗೆ ಹೋಗಿ ಎಣಿಸಿದೆ. ಮೂರೇ ಫರಸಿ.

"ಆಗಂಗಿಲ್ರಿ. ಮೂರಕ್ಕ ಹದಿನಾಲ್ಕು. ಇದು ತಂದ್ರ ನಿಮಗ ಕಣ್ಣು ಬ್ಯಾನಿ, ನನಗ ವಾಪಸ್."

ಬಂದ ಗಿರಾಕಿಗೆ ಬೇಡ ಎನ್ನುವವನು ಊರಲ್ಲೇ ನಾನೊಬ್ಬ. ಸಾವಕಾರರು ನಾಲ್ಕು ದಿನ ಬಿಟ್ಟು ಮತ್ತೆ ಕರೆಸಿದರು. ಹೋಗಿ ನೋಡಿದರೆ, ನಡುವಿನ ಗೋಡೆಯೇ ಇಲ್ಲ! ಇಟ್ಟಂಗಿ ಅಂಗಳದಲ್ಲಿ ಬಿದ್ದಿವೆ.

"ಈಗ ಎಣಸ್ರಿ."

ಎಣಿಸಿದೆ. ಆರು. ಲೆಕ್ಕವೆಂದರೆ ಲೆಕ್ಕ, ಟೀವಿ ಕೊಟ್ಟೆ. ಆದರೆ ಗೋಡೆಯ ಆಚೆ ಏನಿತ್ತು ಎಂದು ನಾನು ಕೇಳಿರಲಿಲ್ಲ. ಆಚೆ ಇದ್ದದ್ದು ಅಡಿಗೆಮನೆ. ವಾರದೊಳಗೆ ಸಾವಕಾರರ ಫೋನು ಬಂತು.

"ಮಾಸ್ತರ, ಕಾಣೋದು ಭಾರಿ ಕಾಣ್ತದ. ಆದ್ರ ಸುದ್ದಿ ಹಚ್ಚೋ ಹೊತ್ತಿಗೇ ಮಗ್ಗಲಾಗ ನಮ್ಮಾಕಿ ರೊಟ್ಟಿ ಬಡಿಯಾಕ ಕೂಡ್ತಾಳ. ಆ ಸಪ್ಪಳದಾಗ ಒಂದು ಮಾತೂ ಕೇಳವಲ್ದು. ಇದಕ್ಕ ನಿಮ್ಮಲ್ಲಿ ಲೆಕ್ಕ ಇಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಆ ಕಡೆ ಅವರ ಹೆಂಡತಿ ಫೋನು ಕಸಿದುಕೊಂಡರು.

"ಮಾಸ್ತರ, ಅವ್ರ ಮಾತು ಕೇಳಬ್ಯಾಡ್ರಿ, ಟೀವಿ ಒಯ್ಯಬ್ಯಾಡ್ರಿ. ಇಪ್ಪತ್ತು ವರ್ಷದಿಂದ ಒಲಿ ಮುಂದ ಗ್ವಾಡಿ ನೋಡಕೋತ ಕುಂತೀನಿ. ಈಗ ಜರಾ ನಾಕು ಮಂದಿ ಕಾಣಾಕತ್ಯಾರ."

ಆಯಿಯ ಆರು

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಾರಿದ ಒಂದು ಟೀವಿಯೂ ವಾಪಸ್ ಬಂದಿರಲಿಲ್ಲ. ಮಾಲೀಕರು ಹೆಮ್ಮೆಯಿಂದ ಅಂಗಡಿಯೊಳಗೆ ದೊಡ್ಡ ಅಕ್ಷರದ ಬೋರ್ಡು ಹಾಕಿಸಿದರು: 'ಇಲ್ಲಿಯವರೆಗೆ ಒಂದೂ ಟೀವಿ ವಾಪಸ್ ಬಂದಿಲ್ಲ.' ಹಾಕಿಸಿದ ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ಬೋರ್ಡು ಇಳೀತಂದ್ರ ನೀನೂ ಇಳದಂಗ, ನೆನಪಿಡು," ಎಂದರು. ಹೊಗಳುವಾಗಲೂ ಅವರ ಮಾತು ಹಾಗೆಯೇ.

ಆ ವಾರವೇ ಕಮಲಾಪುರದಿಂದ ಬಾಳೆತೋಟದವರೊಬ್ಬರು ಫೋನು ಮಾಡಿದರು. "ನಮ್ಮ ಆಯಿಗಿ ದೊಡ್ಡ ಟೀವಿ ಬೇಕಂತ್ರಿ. ಸಣ್ಣದ್ರಾಗ ಮಂದಿ ಇರಿವಿ ಕಂಡಂಗ ಕಾಣ್ತಾರಂತ." ಆಯಿ ಎಂದರೆ ಅವರ ತಾಯಿ, ಮನೆಯವರಿಗೆ, ಓಣಿಯವರಿಗೆ ಎಲ್ಲರಿಗೂ ಆಯಿಯೇ.

ಆಗ ನನ್ನ ಜಂಬ ಎಷ್ಟು ಏರಿತ್ತೆಂದರೆ, ಮನೆಗೆ ಹೋಗಿ ನೋಡುವುದನ್ನೇ ಬಿಟ್ಟಿದ್ದೆ. "ಟೇಬಲ್ಲಿನಿಂದ ಕೂಡೋ ಜಾಗಾತನ ಎಷ್ಟು ಫರಸಿ?" ಎಂದೆ. ಅವರು ಹಿಂದಕ್ಕೆ ತಿರುಗಿ ಕೂಗಿದರು. ಆಯಿ ಕಾಲಿಟ್ಟು ಕಾಲಿಟ್ಟು ಎಣಿಸುವುದು ಫೋನಿನಲ್ಲೇ ಕೇಳಿಸಿತು. "ಒಂದು... ಎರಡು... ಮೂರು..." ಕೊನೆಗೆ, "ನಾ ಕೂಡೋ ಕಪಾಟಿನ ಮುಂದತನ ಆರು!" ಎಂದಳು.

"ಆರಂದ್ರ ಇಪ್ಪತ್ತೊಂಬತ್ತು. ಕಣ್ಣು ಮುಚ್ಚಿ ಒಯ್ರಿ," ಎಂದು ಮರುದಿನವೇ ಟೆಂಪೋದಲ್ಲಿ ಕಳಿಸಿದೆ.

ಮೂರನೆಯ ದಿನ ಫೋನು. "ಮಾಸ್ತರ, ಆಯಿ ಟೀವಿ ಮುಂದ ಕೂಡಲಾಕೇ ಒಲ್ಲಳು. ಅದ್ರಾಗಿನ ಮಂದಿ ಬಂದು ಮೈಮ್ಯಾಲ ಬಿದ್ದಂಗ ಆಗ್ತದಂತ. ನಾಳಿ ಟೆಂಪೋ ಮಾಡಿ ವಾಪಸ್ ತರ್ತೀವಿ."

ಮಾಲೀಕರು ಆಗಷ್ಟೇ ಬೋರ್ಡಿನ ಧೂಳು ಒರೆಸುತ್ತಿದ್ದರು. ನಾನು ದನಿ ಇಳಿಸಿ, "ತರಬ್ಯಾಡ್ರಿ, ನಾನೇ ಬರ್ತೀನಿ," ಎಂದು ಫೋನಿಟ್ಟು ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ, ತಪ್ಪು ಅವರದೇ, ಆಯಿ ಎಣಿಸುವುದರಲ್ಲಿ ತಪ್ಪಿದ್ದಾಳೆ ಎಂದು ಗಟ್ಟಿ ಮಾಡಿಕೊಂಡೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೆಳಗೆ ನೋಡಿದೆ. ಎಣಿಸಿದೆ. ಆರು ಫರಸಿ ಇದ್ದದ್ದು ಖರೆ. ಆದರೆ ಒಂದೊಂದೂ ಒಂದೇ ಫೂಟಿನದು!

"ಇವು ಎಲ್ಲಿವ್ರಿ?" ಎಂದೆ.

"ಹಳೀವು ಒಡದಿದ್ದವು ಅಂತ ಹೋದ ವರ್ಷ ಸಣ್ಣ ಫರಸಿ ಹಾಕಿಸಿದಿವಿ," ಎಂದ ಮಗ.

ಟೀವಿ ಓಡುತ್ತಲೇ ಇತ್ತು, ಆಯಿ ಅದರ ಪಕ್ಕದಲ್ಲೇ ನಿಂತಿದ್ದಳು. "ನಾ ಬರೋಬರಿ ಎಣಿಸೀನಿ. ಎಷ್ಟು ಫರಸಿ ಅಂತ ಕೇಳ್ದಿ. ಎಷ್ಟು ದೊಡ್ಡ ಫರಸಿ ಅಂತ ಕೇಳಿದ್ಯೇನು?"

ಇಲ್ಲ, ಕೇಳಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಬೋರ್ಡು ಇಳಿಯುವುದು, ಅದರ ಹಿಂದೆ ನಾನು ಇಳಿಯುವುದು, ಮನೆಯಲ್ಲಿ ಈ ಸಲ ಏನು ಹೇಳುವುದು, ಎಲ್ಲ ಕಣ್ಣ ಮುಂದೆ ಬಂತು. ಮಗ ಟೆಂಪೋದವನಿಗೆ ಹೇಳಿಬರುತ್ತೇನೆಂದು ಹೊರಟೇಬಿಟ್ಟ.

ಅಷ್ಟರಲ್ಲಿ ಆಯಿ, ಪರವೂರಿನವನು ಮನೆಗೆ ಬಂದಿದ್ದಾನೆಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳಲು ಎದುರಿನ ಕಪಾಟಿನ ಕಡೆ ತಿರುಗಿದಳು. ಕಪಾಟಿನ ಬಾಗಿಲಿಗೆ ಆಳುದ್ದದ ಕನ್ನಡಿ. ಸೆರಗಿನ ಮೇಲಿಟ್ಟ ಕೈ ಅಲ್ಲೇ ನಿಂತಿತು.

"ಏ, ಇಲ್ಲಿ ಎಷ್ಟು ಚಂದ ಕಾಣಾಕತ್ತದಲ್ಲೋ! ಮಂದಿ ಎಲ್ಲಾ ಹದಕ್ಕ ಬಂದಾರ!"

ಹೌದು. ಕನ್ನಡಿಯಲ್ಲಿ ಟೀವಿ ಅಚ್ಚುಕಟ್ಟಾಗಿ, ದೂರವಾಗಿ, ಬೇಕಾದಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ನನಗೆ ಜೀವ ಬಂತು. ಜೀವದ ಜೊತೆ ನನ್ನ ಸ್ವಭಾವವೂ ಬಂತು.

"ಹಿಂಗ ನೋಡ್ರಿ ಅಂತನೇ ಆಯಿ, ನಾ ಇಪ್ಪತ್ತೊಂಬತ್ತು ಕೊಟ್ಟದ್ದು! ಟೀವಿಯಿಂದ ಕನ್ನಡಿತನ ಆರು ಫೂಟು, ಕನ್ನಡಿಯಿಂದ ನಿಮ್ಮ ಕಣ್ಣಿನತನ ಆರು ಫೂಟು. ಹನ್ನೆರಡು ಫೂಟಂದ್ರ ದೊಡ್ಡ ಫರಸಿ ಆರು. ನನ್ನ ಲೆಕ್ಕ ಎಂದಾದ್ರೂ ತಪ್ಪೇದೇನು?"

ಆಯಿಗೆ ಟೀವಿಯ ಪಕ್ಕದಲ್ಲೇ ಹೊರಸು ಹಾಕಿಸಿದೆ. ಕನ್ನಡಿಗೆ ಮುಖ ಮಾಡಿ ಕೂತಳು. ಸುದ್ದಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಆಯಿ ಹುಬ್ಬು ಗಂಟಿಕ್ಕಿದಳು.

"ತಮ್ಮಾ, ಈ ಸುದ್ದಿ ಓದೋ ಹುಡುಗಿ ಸೆರಗು ಬಲಗಡಿ ಹೆಗಲ ಮ್ಯಾಲ ಯಾಕ ಹಾಕ್ಯಾಳ?"

ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ತಡವರಿಸಿದರೆ ನಾನು ಫರಸಿ ಮಾಸ್ತರ ಹೇಗಾದೇನು?

"ದೊಡ್ಡ ದೊಡ್ಡ ಊರಾಗ ಈಗ ಹಂಗ ಹಾಕ್ತಾರ ಆಯಿ. ದೊಡ್ಡ ಟೀವಿದಾಗ ಅದೇ ಪದ್ಧತಿ."

ಟೆಂಪೋದವನನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತ ಮಗನಿಗೆ ಎಲ್ಲ ತಿಳಿಯಿತು. ಆದರೆ ಮೂರು ದಿನ ತಾಯಿಯ ಬೈಗುಳ ತಿಂದವನು, ಬಾಯಿ ತೆರೆಯದೆ ಟೆಂಪೋದವನನ್ನು ಹಿಂದಕ್ಕೆ ಕಳಿಸಿದ. ನನ್ನ ಕೈಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿಸಿದ. ಟೀವಿ ಉಳಿಯಿತು, ಬೋರ್ಡು ಉಳಿಯಿತು, ನಾನೂ ಉಳಿದೆ.

ನಾಲ್ಕಾರು ತಿಂಗಳು ಕಳೆದವು. ಮನೆಯ ಒಂದು ಮದುವೆಗೆ ಸೀರೆ ತೆಗೆಯಲು ಆಯಿ ಕಲಬುರಗಿಗೆ ಬಂದವಳು, "ನಮ್ಮ ಮಾಸ್ತರನ್ನ ನೋಡಿ ಹೋಗ್ತೀನಿ," ಎಂದು ಅಂಗಡಿಗೂ ಬಂದಳು. ಇಪ್ಪತ್ತೊಂಬತ್ತು ಇಂಚಿನ ಗಿರಾಕಿಯ ತಾಯಿ ಎಂದು ಮಾಲೀಕರೇ ಎದ್ದು ಕುರ್ಚಿ ಹಾಕಿದರು. ಗೋಡೆಯ ತುಂಬ ಹತ್ತು ಹನ್ನೆರಡು ಟೀವಿ. ಎಲ್ಲದರಲ್ಲೂ ಅದೇ ಸುದ್ದಿ ಓದುವ ಹುಡುಗಿ.

ಆಯಿ ಕೂಡಲಿಲ್ಲ. ಮೊದಲ ಟೀವಿಯ ಮುಂದೆ ನಿಂತು ನೋಡಿದಳು. ತನ್ನ ಹೆಗಲು ಮುಟ್ಟಿಕೊಂಡಳು. ಎರಡನೆಯದರ ಮುಂದೆ ಹೋದಳು. ಮೂರನೆಯದು. ಕೊನೆಯದರವರೆಗೂ ಹೋಗಿ ತಿರುಗಿ ಬಂದಳು.

ಮಾಲೀಕರು ಅವಳು ಮೆಚ್ಚಿದ್ದಾಳೆಂದು ತಿಳಿದು, ಬೋರ್ಡಿಗೆ ಬೆರಳು ತೋರಿಸಿ ದೊಡ್ಡ ದನಿಯಲ್ಲಿ ಓದಿ ಹೇಳಿದರು: "ನೋಡ್ರಿ ಆಯಿ, ಇಲ್ಲಿಯವರೆಗೆ ನಮ್ಮ ಒಂದೂ ಟೀವಿ ವಾಪಸ್ ಬಂದಿಲ್ಲ!"

ಆಯಿ ಅವರನ್ನು ಕನಿಕರದಿಂದ ನೋಡಿದಳು.

"ಅಲ್ಲೋ ಯಪ್ಪಾ, ಬರೋದು ಬಿಡು, ನೀನೇ ಮೊದಲ ಈ ಟೀವಿ ಎಲ್ಲಾ ವಾಪಸ್ ಕಳಸು. ಇಷ್ಟೂ ಟೀವಿದಾಗ ಆ ಹುಡುಗಿ ಸೆರಗು ಎಡಕ್ಕ ಬಂದದ. ಎಲ್ಲಾ ಉಲ್ಟಾ ಮಾಲು ಕೊಟ್ಟಾರ ನಿನಗ. ಬರೋಬರಿ ಟೀವಿ ಹೆಂಗಿರ್ತದಂತ ನೋಡೋದಿದ್ರ ನಮ್ಮನಿಗಿ ಬಾ, ಈ ಮಾಸ್ತರ ಆರಿಸಿ ಆರಿಸಿ ಒಂದೇ ಒಂದು ಕೊಟ್ಟಾನ."